ಲಾಲ್‌ಬಾಗಿಗೆ ಬಂದ ಚಳಿಗಾಲ

ಚಳಿಯ ನಾಡುಗಳಲ್ಲಿ ಮನೆಯ ಹಿತ್ತಿಲಿಗೂ ಮಲಗುವ ಕಾಲವೊಂದುಂಟು. ಎಲೆಯುದುರುವ ಹೊತ್ತಿಗೆ ಅಲ್ಲಿಯ ಗೃಹಸ್ಥ ಗಿಡದ ಬುಡಕ್ಕೆ ತರಗು ಹೊದಿಸಿ, ಎಳೆಯ ಮರಕ್ಕೆ ಹುಲ್ಲು ಸುತ್ತಿ, ಚಳಿ ತಾಳದ ಗೆಡ್ಡೆಗಳನ್ನು ಅಗೆದು ಒಳಗಿಟ್ಟು, ವಸಂತದವರೆಗೆ ಕಾಯುತ್ತಾನೆ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲದ ಸೀಮೆಯಲ್ಲಿ ಈ ಮಾತು ತಲೆಕೆಳಗು. ಇಲ್ಲಿ ಮಾಗಿಯೆಂದರೆ ಹಿತ್ತಿಲು ಏಳುವ ಕಾಲ. ಮಳೆ ಹಿಂದೆ ಸರಿದ ಮೇಲೆ ಮಣ್ಣು ಸಡಿಲಿಸಿ, ಕೊಟ್ಟಿಗೆಗೊಬ್ಬರ ಬೆರೆಸಿ, ಮಡಿ ಕಟ್ಟಿ ಸೊಪ್ಪು ತರಕಾರಿ ಬಿತ್ತುತ್ತಾರೆ. ಹೊಲದಲ್ಲಿ ರಾಗಿಯ ನಡುವೆ ಬೆಳೆದ ಅವರೆಗೆ ಇಬ್ಬನಿ ಬಿದ್ದು ಸೊಗಡು ಕೂಡುತ್ತದೆ. ಹಿಮವೆಂಬುದು ಈ ಮಣ್ಣಿಗೆ ಗೊತ್ತಿಲ್ಲ.

ಆದರೂ ಒಮ್ಮೆ ಇಲ್ಲಿಯ ತೋಟವೊಂದಕ್ಕೆ ಕಡುಚಳಿಗಾಲ ಬಂದಿತ್ತು.

ಪಟ್ಟಣದ ದ್ವೀಪದ ಪೂರ್ವಭಾಗದಲ್ಲಿ, ಗುಂಬಜ್ ಇರುವ ಎಡೆಯಲ್ಲಿ, ಲಾಲ್‌ಬಾಗ್ ಎಂಬ ತೋಟವಿತ್ತು. 1782ರಲ್ಲಿ ತೀರಿಕೊಂಡ ಹೈದರಾಲಿಯ ಸಮಾಧಿ ಇರುವುದು ಅಲ್ಲಿಯೇ. ಮಗ ಟಿಪ್ಪು ಅಕ್ಕರೆಯಿಂದ ಬೆಳೆಸಿದ ಆ ತೋಟದ ಹೆಮ್ಮೆ ಸೈಪ್ರೆಸ್ ಮರಗಳ ಸಾಲು. 1792ರ ಫೆಬ್ರವರಿ 6ರ ರಾತ್ರಿ ಕಾರ್ನ್‌ವಾಲಿಸನ ಸೈನ್ಯ ಕಾವೇರಿಯನ್ನು ದಾಟಿ ದ್ವೀಪಕ್ಕೆ ನುಗ್ಗಿತು. ಕೋಟೆಯ ಮುತ್ತಿಗೆಗೆ ಕೊಂಬೆಯ ಹೊರೆಗಳು, ಗೂಟಗಳು, ಮಣ್ಣು ತುಂಬಿ ಮರೆಯಾಗಿಡುವ ಬುಟ್ಟಿಗಳು ಬೇಕಾದವು. ಕೊಡಲಿ ತೋಟದ ಮೇಲೆ ಬಿತ್ತು. ಸೈನ್ಯದಲ್ಲಿದ್ದ ಮೇಜರ್ ಡಿರೋಂ ಮರುವರ್ಷ ಪ್ರಕಟಿಸಿದ ಸಮರಕಥನದಲ್ಲಿ ಈ ದುರ್ದೆಶೆಯನ್ನು ಬಣ್ಣಿಸಿದ್ದಾನೆ. ತೋಟವು ಮೊದಲ ಬಾರಿಗೆ ಚಳಿಗಾಲದ ಕ್ರೌರ್ಯಕ್ಕೆ ಸಿಕ್ಕಂತಿತ್ತೆಂಬುದು ಅವನ ಭಾವ. ಚಳಿನಾಡಿನವನಿಗೆ ಸಹಜವಾದ ಹೋಲಿಕೆಯೇ ಸರಿ.

ಆದರೆ ನನಗೆ ಈ ಹೋಲಿಕೆ ಪೂರ್ತಿ ಒಪ್ಪುವುದಿಲ್ಲ. ಹಿಮ ಎಲೆಯನ್ನು ಕೀಳುತ್ತದೆ, ಬೇರನ್ನು ಬಿಡುತ್ತದೆ. ಅದರ ಹಿಂದೆಯೇ ವಸಂತವಿದೆ. ಹಿಮಕ್ಕೆ ಅಣಿಯಾಗಲು ಹುಲ್ಲು, ತರಗು ಸಾಕು. ಕೊಡಲಿಗೆ ಅಣಿಯಾಗುವುದು ಯಾವ ತೋಟಗಾರನಿಂದ ಸಾಧ್ಯ? ಆ ಮಾರ್ಚಿಯ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ತೆತ್ತ, 3 ಕೋಟಿ 30 ಲಕ್ಷ ರೂಪಾಯಿಗೆ ಒಪ್ಪಿದ, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟ. ಇವೆಲ್ಲ ನಮ್ಮ ಪಠ್ಯಪುಸ್ತಕಗಳಲ್ಲಿವೆ. ಉರುಳಿದ ಮರಗಳ ಲೆಕ್ಕವನ್ನು ಮಾತ್ರ ಯಾರೂ ಇಡಲಿಲ್ಲ. ಅವಕ್ಕೆ ನೀರು ಹೊತ್ತವರ ಹೆಸರೂ ಉಳಿಯಲಿಲ್ಲ.

ತೋಟದ ಹಂಬಲ ಮಾತ್ರ ಸಾಯಲಿಲ್ಲ. 1799ರಲ್ಲಿ ಪಟ್ಟಣ ಬಿದ್ದ ಮರುವರ್ಷ ಈ ಸೀಮೆಯಲ್ಲಿ ಸಂಚರಿಸಿದ ಬುಕಾನನ್, ಬೆಂಗಳೂರಿನಲ್ಲಿದ್ದ ಸುಲ್ತಾನರ ತೋಟಗಳಲ್ಲಿ ಸೇಬು, ಪೀಚ್ ಹಣ್ಣು ಬಿಡುವುದನ್ನೂ ಆಫ್ರಿಕದ ತುದಿಯಿಂದ ತಂದ ಪೈನ್, ಓಕ್ ಸಸಿಗಳು ಚಿಗುರಿದ್ದನ್ನೂ ಕಂಡ. ಸುಮಾರು 3000 ಅಡಿ ಎತ್ತರದ ಬೆಂಗಳೂರು ಅಷ್ಟರಮಟ್ಟಿಗೆ ತಂಪುನಾಡಿನ ಗಿಡಗಳಿಗೆ ಆಸರೆಯಾಗಿತ್ತು.

ಮುಂದೆ ಪಟ್ಟಣದ ನೆರೆಯಲ್ಲೇ, ಕನ್ನಂಬಾಡಿ ಕಟ್ಟೆಯ ಕೆಳಗೆ, ದಿವಾನ್ ಮಿರ್ಜಾ ಇಸ್ಮಾಯಿಲರು 1927ರಿಂದ 1932ರವರೆಗೆ ಬೃಂದಾವನವನ್ನು ಎಬ್ಬಿಸಿದರು. ಅದಕ್ಕೆ ಮಾದರಿ ಕಾಶ್ಮೀರದ ಶಾಲಿಮಾರ್. ಅದರಲ್ಲಿ ಕೈಯಾಡಿಸಿದ ಕ್ರುಂಬಿಗಲ್ ಜರ್ಮನಿಯವರು. ಎರಡೂ ಹಿಮ ಬೀಳುವ ನಾಡುಗಳು. ಅಲ್ಲಿಯ ತೋಟಗಳು ಹಿಮ ಹೊದ್ದು ಮಲಗುವ ಡಿಸೆಂಬರಿನಲ್ಲಿ ಇಲ್ಲಿ ಹೂಮಡಿ ತುಂಬಿರುತ್ತದೆ.

ನನ್ನ ವಿದ್ಯಾರ್ಥಿಗಳನ್ನು ಪಟ್ಟಣಕ್ಕೆ ಕರೆದೊಯ್ದಾಗ ಅವರು ಕೋಟೆ ಒಡೆದ ಜಾಗವನ್ನೇ ಮೊದಲು ಕೇಳುತ್ತಾರೆ. ತೋರಿಸುತ್ತೇನೆ. ಬಳಿಕ ಗುಂಬಜಿನ ದಾರಿಯ ಮರಗಳ ಕೆಳಗೆ ನಿಲ್ಲಿಸಿ, ಇವು ಆಮೇಲಿನವರು ನೆಟ್ಟವು ಎನ್ನುತ್ತೇನೆ. ಒಡೆದವರ ಜೊತೆಗೆ ಮತ್ತೆ ನೆಟ್ಟವರದೂ ಒಂದು ಇತಿಹಾಸವುಂಟಲ್ಲವೆ?