ಮುಂಗಾಲಿಯ ಮೈಗಳ್ಳತನ

ಪುಣೆಯಿಂದ ನಾಶಿಕದ ಹೆದ್ದಾರಿ ಹಿಡಿದು ಉತ್ತರಕ್ಕೆ ಮೂವತ್ತು ಕಿಲೋಮೀಟರಿನಷ್ಟು ಸಾಗಿದರೆ ಸಿಗುವ ಚಾಕಣವನ್ನು ಇಂದು ಜನ ಬಲ್ಲುದು ಈರುಳ್ಳಿ ಮಾರುಕಟ್ಟೆಗಾಗಿ ಮತ್ತು ಮೋಟಾರು ಕಾರ್ಖಾನೆಗಳಿಗಾಗಿ. ಇತಿಹಾಸ ಓದಿದವರಿಗೆ ಅಲ್ಲಿ ಮೂರನೆಯದೊಂದು ಕಾಣುತ್ತದೆ: ಊರಿನ ನಡುವೆಯೇ ಉಳಿದಿರುವ ಸಂಗ್ರಾಮದುರ್ಗದ ಕುಸಿದ ಗೋಡೆಗಳು. 1660ರ ಮಳೆಗಾಲದಲ್ಲಿ ಶಾಯಿಸ್ತಾಖಾನನ ಭಾರೀ ಸೈನ್ಯ ಈ ಪುಟ್ಟ ನೆಲಗೋಟೆಯನ್ನು ಮುತ್ತಿತು. ಶಿವಾಜಿಯ ಕಿಲ್ಲೇದಾರ ಫಿರಂಗೋಜಿ ನರಸಾಳಾ ಸುಮಾರು ಎರಡು ತಿಂಗಳು ಅದನ್ನು ಕಾದುಕೊಂಡ. ಕೊನೆಗೆ ಬುರುಜಿನಡಿ ಸುರಂಗ ತೋಡಿ ಮದ್ದು ಸಿಡಿಸಿದ ಮೇಲಷ್ಟೇ ಕೋಟೆ ಮೊಗಲರ ವಶವಾಯಿತು. ಆ ಕೆಸರಿನಲ್ಲಿ ಮೊಗಲರ ಸರಂಜಾಮು ಸಾಗಿದ್ದು ಎತ್ತು, ಒಂಟೆ, ಆನೆಗಳ ಬಲದಿಂದ. ಅವುಗಳಿಗೆಲ್ಲ ಒಂದು ಸಮಾನ ಗುಣವಿತ್ತು: ನಾಲ್ಕು ಕಾಲೂ ನೆಲವನ್ನು ತಳ್ಳುತ್ತಿದ್ದವು.

ಬಂಡಿಯ ಗಾಲಿ ಉರುಳುತ್ತದೆಯೇ ಹೊರತು ದುಡಿಯುವುದಿಲ್ಲ, ದುಡಿಯುವುದು ಎತ್ತು. ಮೋಟಾರು ಬಂದಾಗ ಈ ಲೆಕ್ಕ ತಲೆಕೆಳಗಾಯಿತು. ಎತ್ತು ಹೋಗಿ ಗಾಲಿಯೇ ದುಡಿಯಬೇಕಾಯಿತು, ಅದೂ ಹಿಂದಿನ ಎರಡು ಮಾತ್ರ. ಒಣ ರಸ್ತೆಗೆ ಅಷ್ಟು ಸಾಕಿತ್ತು. ಕೆಸರಿನಲ್ಲಿ ಹಿಂದಿನ ಗಾಲಿಗಳು ಸುತ್ತಿ ಸುತ್ತಿ ತಮ್ಮ ಗುಂಡಿಯನ್ನು ತಾವೇ ತೋಡಿಕೊಂಡವು. ಮುಂದಿನವು ನೋಡುತ್ತ ನಿಂತವು. ಕಳೆದ 120 ವರ್ಷಗಳಿಂದ ಯಂತ್ರಶಿಲ್ಪಿಗಳು ಆ ಮುಂಗಾಲಿಗಳನ್ನು ಕೆಲಸಕ್ಕೆ ಹಚ್ಚಲು ಹೆಣಗುತ್ತಿದ್ದಾರೆ. ನಾವು ಇಲ್ಲಿ ಹೇಳಹೊರಟಿರುವುದು ಆ ಹೆಣಗಾಟದ ಕಥೆಯನ್ನು, ಅದಕ್ಕಿಂತ ಹೆಚ್ಚಾಗಿ ಅದು ಕೈಕೊಟ್ಟ ಬಗೆಗಳ ಕಥೆಯನ್ನು.

1903ರಲ್ಲಿ ಹಾಲೆಂಡಿನ ಸ್ಪೈಕರ್ ಕಂಪನಿ ನಾಲ್ಕೂ ಗಾಲಿಗೆ ಶಕ್ತಿ ಹರಿಯುವ ಕಾರೊಂದನ್ನು ಮಾಡಿ ತೋರಿಸಿತು. ಅದು ದುಬಾರಿ ಕೌತುಕವಾಗಿಯೇ ಉಳಿಯಿತು. ಅಮೆರಿಕದ ವಿಸ್ಕಾನ್ಸಿನ್ ಸೀಮೆಯ ಕ್ಲಿಂಟನ್‌ವಿಲ್ ಎಂಬ ಸಣ್ಣ ಊರಿನಲ್ಲಿ ಆಟೊ ಜಾಕೋ, ವಿಲಿಯಂ ಬೆಸರ್ಡಿಕ್ ಎಂಬಿಬ್ಬರು 1908ರಲ್ಲಿ ಪೇಟೆಂಟ್ ಪಡೆದ ವ್ಯವಸ್ಥೆಯೇ ಮುಂದೆ ನಿಜವಾದ ಲಾರಿಯಾಯಿತು; ಮೊದಲ ಮಹಾಯುದ್ಧದ ಕೆಸರಿನಲ್ಲಿ ಅಂಥ ಸಾವಿರಾರು ಲಾರಿಗಳು ಓಡಿದವು. ಮುಂದಿನ ಗಾಲಿ ತಿರುವಿಗೆ ಹೊರಳಲೂ ಬೇಕು, ಹೊರಳುತ್ತಲೇ ಶಕ್ತಿಯನ್ನು ಪಡೆದು ಸುತ್ತಲೂ ಬೇಕು. ಈ ಕೀಲನ್ನು ಬಾಳಿಕೆ ಬರುವಂತೆ ಮಾಡುವುದೇ ಅವರಿಬ್ಬರ ಮುಂದಿದ್ದ ಕಷ್ಟ. ಅವರು ಅದನ್ನು ಗೆದ್ದರು.

ಗೆಲ್ಲಲಾಗದ ಇನ್ನೊಂದು ಕಷ್ಟ ಜ್ಯಾಮಿತಿಯದು. ವಾಹನ ತಿರುವು ತೆಗೆದುಕೊಳ್ಳುವಾಗ ಮುಂದಿನ ಗಾಲಿಗಳು ಹಿಂದಿನವುಗಳಿಗಿಂತ ದೊಡ್ಡ ಕಮಾನಿನಲ್ಲಿ ಸಾಗುತ್ತವೆ, ಅಂದರೆ ಹೆಚ್ಚು ದೂರ ಕ್ರಮಿಸುತ್ತವೆ. ಹಿಂದುಮುಂದಿನ ಶಾಫ್ಟುಗಳನ್ನು ಒಂದಕ್ಕೊಂದು ಬಿಗಿಯಾಗಿ ಜೋಡಿಸಿದ್ದರೆ ಎರಡೂ ಒಂದೇ ವೇಗದಲ್ಲಿ ಸುತ್ತಲೇಬೇಕು. ಕೆಸರು, ಮರಳಿನಲ್ಲಿ ಗಾಲಿ ಕೊಂಚ ಜಾರಿ ವ್ಯತ್ಯಾಸ ಸರಿಹೋಗುತ್ತದೆ. ಒಣ ಡಾಂಬರಿನಲ್ಲಿ ಜಾರಲು ಎಡೆಯಿಲ್ಲ. ಆಗ ಆ ವ್ಯತ್ಯಾಸ ಶಾಫ್ಟು, ಗೇರುಗಳೊಳಗೆ ಹಿಂಡಿದ ಒದ್ದೆಬಟ್ಟೆಯ ತಿರುಚಿನಂತೆ ಕೂಡಿಕೊಳ್ಳುತ್ತ ಹೋಗುತ್ತದೆ. ಸ್ಟಿಯರಿಂಗ್ ಭಾರವಾಗುತ್ತದೆ, ಟೈರು ಕಿರುಗುಟ್ಟುತ್ತದೆ, ಫೋರ್ ವೀಲ್ ಬಿಡಿಸುವ ಲಿವರು ಮಿಸುಕುವುದಿಲ್ಲ. ಹೊಸಬರು ಲಿವರನ್ನು ಬಲವಂತವಾಗಿ ಎಳೆಯುತ್ತಾರೆ. ಬಲ್ಲವರು ಗಾಡಿಯನ್ನು ನಾಲ್ಕು ಮಾರು ನೇರವಾಗಿ ರಿವರ್ಸ್ ತೆಗೆಯುತ್ತಾರೆ. ತಿರುಚು ಬಿಚ್ಚಿ ಲಿವರು ತಾನಾಗಿ ಬರುತ್ತದೆ. ಹಾಗಾಗಿ ಇಂಥ ವಾಹನಗಳಲ್ಲಿ ಮುಂಗಾಲಿಗೆ ಸದಾ ದುಡಿಮೆಯಿಲ್ಲ, ಕರೆದಾಗ ಮಾತ್ರ ಬರುವ ಕರಾರು. ಉಳಿದ ಮುನ್ನೂರು ದಿನ ರಜೆ. ಇದರ ಬಹುತೇಕ ಕಾಯಿಲೆಗಳ ಬೇರು ಈ ರಜೆಯಲ್ಲಿದೆ ಎಂಬುದು ನಮ್ಮ ಎಣಿಕೆ. ಎಂಜಿನು ದುಡಿದು ಸವೆಯುತ್ತದೆ. ಫೋರ್ ವೀಲ್ ಡ್ರೈವ್ ಕೂತು ಕೆಡುತ್ತದೆ.

1940ರ ಬೇಸಗೆಯಲ್ಲಿ ಕಾರ್ಲ್ ಪ್ರಾಬ್ಸ್ಟ್ ಎಂಬ ಅಮೆರಿಕನ್ ವಿನ್ಯಾಸಗಾರ ಬ್ಯಾಂಟಮ್ ಕಂಪನಿಗಾಗಿ ಕೆಲವೇ ದಿನಗಳಲ್ಲಿ ಬರೆದುಕೊಟ್ಟ ನಕ್ಷೆಯಿಂದ ಹುಟ್ಟಿದ್ದು ಜೀಪು. ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಸೇರಿ ಯುದ್ಧ ಮುಗಿಯುವಷ್ಟರಲ್ಲಿ ಆರು ಲಕ್ಷಕ್ಕೂ ಮಿಕ್ಕು ಜೀಪುಗಳನ್ನು ಹೊರತಂದವು. ಗೇರ್ ಬಾಕ್ಸಿನ ಹಿಂದೆ ಟ್ರಾನ್ಸ್‌ಫರ್ ಕೇಸ್ ಎಂಬ ಇನ್ನೊಂದು ಎರಕದ ಪೆಟ್ಟಿಗೆ. ಅದರಿಂದ ಮೇಲೆದ್ದ ಎರಡು ಗಿಡ್ಡ ಲಿವರುಗಳು. ಒಂದು ಮುಂದಿನ ಆಕ್ಸಲನ್ನು ಜೋಡಿಸಲು, ಇನ್ನೊಂದು ವೇಗ ತಗ್ಗಿಸಿ ಎಳೆತ ಹೆಚ್ಚಿಸಲು. ನಡುವೆ ತಂತಿಯಿಲ್ಲ, ನಳಿಕೆಯಿಲ್ಲ, ದೀಪವಿಲ್ಲ. ಚಾಲಕನ ಅಂಗೈಗೂ ಗೇರಿನ ಹಲ್ಲಿಗೂ ನಡುವೆ ಇದ್ದುದು ಒಂದು ಕಬ್ಬಿಣದ ಸರಳು. ಗೇರು ಕೂತಿತೋ ಇಲ್ಲವೋ ಎಂಬುದನ್ನು ಕೈಯೇ ಹೇಳುತ್ತಿತ್ತು.

ಭಾರತಕ್ಕೆ ಜೀಪು ಬಂದ ಕಥೆಯಲ್ಲಿ ಗೇರಿಗಿಂತ ರಾಜಕಾರಣವೇ ಹೆಚ್ಚು. 1945ರಲ್ಲಿ ಮಹೀಂದ್ರ ಸಹೋದರರಾದ ಜೆ.ಸಿ. ಮತ್ತು ಕೆ.ಸಿ. ಅವರು ಮಲಿಕ್ ಗುಲಾಂ ಮೊಹಮ್ಮದ್ ಜೊತೆಗೂಡಿ ಕಟ್ಟಿದ ಸಂಸ್ಥೆಯ ಹೆಸರು ಮಹೀಂದ್ರ ಅಂಡ್ ಮೊಹಮ್ಮದ್. ದೇಶ ಒಡೆಯಿತು, ಗುಲಾಂ ಮೊಹಮ್ಮದ್ ಪಾಕಿಸ್ತಾನದ ಮೊದಲ ಹಣಕಾಸು ಸಚಿವರಾದರು, ಆಮೇಲೆ ಅಲ್ಲಿನ ಗವರ್ನರ್ ಜನರಲ್ ಕೂಡ ಆದರು. 1948ರಲ್ಲಿ ಇತ್ತ ಸಂಸ್ಥೆಯ ಹೆಸರು ಮಹೀಂದ್ರ ಅಂಡ್ ಮಹೀಂದ್ರ ಆಯಿತು. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಬದಲಾಗದೆ ಉಳಿದವು. ಮುಂಬಯಿಯ ಮಜಗಾಂವದಲ್ಲಿ ವಿಲ್ಲಿಸ್ ಜೀಪುಗಳ ಬಿಡಿಭಾಗಗಳನ್ನು ತರಿಸಿ ಜೋಡಿಸುವ ಕೆಲಸ ಆ ದಶಕದ ಕೊನೆಯ ಹೊತ್ತಿಗೆ ಮೊದಲಾಯಿತು.

ಅದೇ ಹೊತ್ತಿನಲ್ಲಿ ನಡೆದದ್ದು ಸ್ವತಂತ್ರ ಭಾರತದ ಮೊದಲ ಹಗರಣವೆಂದು ಹೆಸರಾದ ಜೀಪು ಪ್ರಕರಣ. ಕಾಶ್ಮೀರದಲ್ಲಿ ಯುದ್ಧ ನಡೆದಿತ್ತು, ಸೈನ್ಯಕ್ಕೆ ತುರ್ತಾಗಿ ಜೀಪು ಬೇಕಿತ್ತು. 1948ರಲ್ಲಿ ಲಂಡನ್ನಿನ ಹೈಕಮಿಷನರ್ ವಿ.ಕೆ. ಕೃಷ್ಣ ಮೆನನ್ ವಿದೇಶೀ ಕಂಪನಿಯೊಂದರೊಡನೆ ಸುಮಾರು 80 ಲಕ್ಷ ರೂಪಾಯಿಗಳ ಒಪ್ಪಂದ ಮಾಡಿಕೊಂಡರು. ಹಣದ ದೊಡ್ಡ ಪಾಲು ಮುಂಗಡವಾಗಿ ಹೋಯಿತು. ಬಂದಿಳಿದದ್ದು 155 ಜೀಪು. ಅವು ಬಳಕೆಗೆ ಯೋಗ್ಯವಲ್ಲವೆಂದು ಸೈನ್ಯ ಹೇಳಿತು. ಸಂಸತ್ತಿನಲ್ಲಿ ಗದ್ದಲವಾಯಿತು. 1955ರ ಸೆಪ್ಟೆಂಬರಿನಲ್ಲಿ ಗೃಹಸಚಿವ ಗೋವಿಂದ ವಲ್ಲಭ ಪಂತರು ಪ್ರಕರಣ ಮುಗಿಯಿತೆಂದು ಸಾರಿದರು. ಮರುವರ್ಷ ಫೆಬ್ರವರಿಯಲ್ಲಿ ಮೆನನ್ ಕೇಂದ್ರ ಸಂಪುಟ ಸೇರಿದರು. ಕಡತಗಳ ನಡುವೆ ಬಾಳ್ವೆ ಮಾಡುವ ನಮ್ಮಂಥವರಿಗೆ ಈ ಪ್ರಕರಣದಲ್ಲಿ ಲಂಚದ ಪ್ರಶ್ನೆಗಿಂತ ಕುತೂಹಲ ಹುಟ್ಟಿಸುವುದು ಇನ್ನೊಂದು: ಬಹುಕಾಲ ನಿಂತ ಹಳೆಯ ಜೀಪು ಹೊರಗಿನಿಂದ ಹೊಸದರಂತೆಯೇ ಕಾಣುತ್ತದೆ. ಬಣ್ಣ ಬಳಿದರೆ ಮುಗಿಯಿತು. ಒಳಗಿನ ಎಣ್ಣೆಯಲ್ಲಿ ನೀರು ಸೇರಿದೆಯೇ, ಸೀಲು ಒಣಗಿ ಸೀಳಿದೆಯೇ ಎಂಬುದು ಕೆಸರಿಗೆ ಇಳಿಯುವ ತನಕ ತಿಳಿಯದು.

ಇದೇ ಮೆನನ್ ರಕ್ಷಣಾ ಸಚಿವರಾಗಿದ್ದಾಗ, 1959ರಲ್ಲಿ, ಜಬಲ್ಪುರದಲ್ಲಿ ಶಕ್ತಿಮಾನ್ ಲಾರಿ ಹುಟ್ಟಿತು. ಜರ್ಮನಿಯ ಎಂ.ಎ.ಎನ್. ಕಂಪನಿಯ ಪರವಾನಿಗೆ, ನಾಲ್ಕೂ ಗಾಲಿಗೆ ಶಕ್ತಿ. ಸುಮಾರು ಮೂರೂವರೆ ದಶಕ ಅದು ಸೈನ್ಯದ ಬೆನ್ನೆಲುಬಾಯಿತು. ಅದರ ಬೆನ್ನಿಗೆ ನಿಸ್ಸಾನ್ ವಿನ್ಯಾಸದ ಜೋಂಗಾ ಬಂತು. ಆಫ್ರಿಕದ ಪದದಂತೆ ಕೇಳಿಸುವ ಈ ಹೆಸರು ಜಬಲ್ಪುರದ ಆರ್ಡನೆನ್ಸ್ ಅಂಡ್ ಗನ್‌ಕ್ಯಾರೇಜ್ ಅಸೆಂಬ್ಲಿ ಎಂಬುದರ ಮೊದಲಕ್ಷರಗಳ ಮೊತ್ತ ಅಷ್ಟೆ. ಸೈನ್ಯದ ಗಾಡಿಗೆ ಒಂದು ಭಾಗ್ಯವಿತ್ತು: ನಿಂತಿದ್ದರೂ ನಿಯಮದಂತೆ ಅದನ್ನು ಆಗಾಗ ಓಡಿಸಿ, ಎಣ್ಣೆ ನೋಡುವ ಕೈಗಳಿದ್ದವು.

ನಮ್ಮ ನಾಡಿನಲ್ಲಿ ಈ ಯಂತ್ರ ನಿಜವಾಗಿ ಬೇರೂರಿದ್ದು ಮಲೆನಾಡಿನಲ್ಲಿ. ಚಿಕ್ಕಮಗಳೂರು, ಕಳಸ, ಮಡಿಕೇರಿ ಸೀಮೆಯ ಕಾಫಿ ತೋಟಗಳಲ್ಲಿ ಜೀಪು ಸವಾರಿಯೂ ಹೌದು, ಗೊಬ್ಬರದ ಗಾಡಿಯೂ ಹೌದು, ಆಂಬುಲೆನ್ಸೂ ಹೌದು. ಇಂದಿಗೂ ಮಾಂದಲಪಟ್ಟಿಯ ಏರು ಹತ್ತುವ ಬಾಡಿಗೆ ಜೀಪುಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಅಲ್ಲಿ ಜೂನಿನಿಂದ ಮಳೆ, ಆದ್ದರಿಂದ ಜೂನಿನಿಂದ ಫೋರ್ ವೀಲ್. ವರ್ಷದ ಮೂರು ನಾಲ್ಕು ತಿಂಗಳು ಮುಂದಿನ ಆಕ್ಸಲ್ ಬೆವರುತ್ತದೆ; ಗೇರು ಎಣ್ಣೆಯಲ್ಲಿ ಮಿಂದಿರುತ್ತದೆ. ಅಲ್ಲಿನ ಹಳೆಯ ಗಾಡಿಗಳು ನಗರದ ಹೊಸ ಗಾಡಿಗಳಿಗಿಂತ ನಂಬಿಕೆಗೆ ಅರ್ಹವಾಗಿರುವುದರಲ್ಲಿ ಮೆಕ್ಯಾನಿಕರ ಕೈಚಳಕಕ್ಕಿಂತ ಈ ಮಳೆಯ ಪಾಲೇ ದೊಡ್ಡದೆಂದು ತೋರುತ್ತದೆ.

ಮುಂಗಾಲಿಯ ರಜೆಯನ್ನು ಇನ್ನಷ್ಟು ಸುಖವಾಗಿಸಿದ್ದು ಹಬ್ಬುಗಳು. ಯುದ್ಧಾನಂತರದ ಅಮೆರಿಕದಲ್ಲಿ ಮಿಗತೆ ಜೀಪುಗಳನ್ನು ಕೊಂಡವರು ಅವನ್ನು ರಸ್ತೆಯ ಮೇಲೆ ಓಡಿಸತೊಡಗಿದಾಗ, ಫೋರ್ ವೀಲ್ ಬಿಡಿಸಿದ್ದರೂ ಮುಂದಿನ ಶಾಫ್ಟು ಗಾಲಿಯೊಂದಿಗೆ ವೃಥಾ ಸುತ್ತುತ್ತಿತ್ತು. 1948ರಲ್ಲಿ ಆರ್ಥರ್ ವಾರ್ನ್ ಎಂಬಾತ ಕೈಯಿಂದ ತಿರುಗಿಸಿ ಗಾಲಿಯನ್ನು ಆಕ್ಸಲಿನಿಂದ ಬೇರ್ಪಡಿಸುವ ಹಬ್ಬುಗಳನ್ನು ಮಾರಲು ತೊಡಗಿದ. ಪೆಟ್ರೋಲು ಉಳಿಯಿತು, ಸದ್ದಡಗಿತು; ಜೊತೆಗೆ ಕೆಡಲು ಹೊಸದೊಂದು ಜಾಗವೂ ಹುಟ್ಟಿತು. ಕೆಳಗಿಳಿದು ಮಳೆಯಲ್ಲಿ ಹಬ್ಬು ತಿರುಗಿಸುವುದು ಬೇಸರವಾದಾಗ ಎಂಜಿನಿನ ನಿರ್ವಾತದ ಎಳೆತದಿಂದ ತಾನೇ ಕೂಡಿಕೊಳ್ಳುವ ಹಬ್ಬುಗಳು ಬಂದವು. ಈಗ ರೋಗ ಕಬ್ಬಿಣದಿಂದ ರಬ್ಬರಿಗೆ ದಾಟಿತು: ಸಣ್ಣ ನಳಿಕೆಯಲ್ಲಿ ಕೂದಲೆಳೆಯ ಬಿರುಕಿದ್ದರೂ ಸಾಕು, ಗಾಲಿ ಕೂಡಿಕೊಳ್ಳದು. ಆಮೇಲೆ ಲಿವರೂ ಹೋಗಿ ಡ್ಯಾಶ್‌ಬೋರ್ಡಿನಲ್ಲಿ ಒಂದು ಗುಂಡಿ ಉಳಿಯಿತು. ಗುಂಡಿ ತಿರುಗಿಸಿದರೆ ಕಂಪ್ಯೂಟರು ಗಾಲಿಗಳ ವೇಗ ನೋಡುತ್ತದೆ, ಒಪ್ಪಿಗೆಯಾದರೆ ಸಣ್ಣ ಮೋಟಾರಿಗೆ ಅಪ್ಪಣೆ ಕೊಡುತ್ತದೆ, ಆ ಮೋಟಾರು ಗೇರನ್ನು ಸರಿಸುತ್ತದೆ. ಕಬ್ಬಿಣದ ಸರಳೊಂದೇ ಇದ್ದ ಕಡೆ ಈಗ ಇಷ್ಟು ಮಂದಿ ಮಧ್ಯವರ್ತಿಗಳು.

ಚಾಕಣ ಈ ಕಥೆಯೊಳಗೆ ಬರುವುದು ಇಲ್ಲಿ. 2009ರಲ್ಲಿ ಫೋಕ್ಸ್‌ವ್ಯಾಗನ್ ಮತ್ತು ಮರ್ಸಿಡಿಸ್ ಬೆಂಜ್, ಅವುಗಳ ಬೆನ್ನಿಗೇ ಮಹೀಂದ್ರ ಇಲ್ಲಿ ಕಾರ್ಖಾನೆ ತೆರೆದವು. ಬಜಾಜ್ ಅದಕ್ಕೂ ಮೊದಲೇ ಬಂದಿತ್ತು. 2022ರ ಸ್ಕಾರ್ಪಿಯೊ ಎನ್ ಇಲ್ಲಿಯದು. ಅದರ ಫೋರ್ ವೀಲ್ ಮಾದರಿಯನ್ನು ಆಳುವುದು ಇಂಥದೇ ಗುಂಡಿ. ಜೀಪ್ ಎಂಬ ಮೂಲ ಹೆಸರಿನ ಗಾಡಿಗಳೂ 2017ರಿಂದ ಇದೇ ಪುಣೆ ಜಿಲ್ಲೆಯ ರಾಂಜಣಗಾಂವದಲ್ಲಿ ತಯಾರಾಗುತ್ತಿವೆ. ಒಂದೇ ಜೀಪಿನ ಎರಡು ಕವಲುಗಳು ಎಪ್ಪತ್ತು ವರ್ಷ ಸುತ್ತಾಡಿ ನೆರೆಹೊರೆಗೆ ಬಂದು ಸೇರಿವೆ.

ಕಾರ್ಖಾನೆಗಳ ಸುತ್ತ ಬೆಳೆದ ಗ್ಯಾರೇಜುಗಳಲ್ಲಿ ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯ ಮಾತು ಕಿವಿಗೆ ಬೀಳುತ್ತದೆ. ಹಿಂದಿನ ಮಳೆಗಾಲದಲ್ಲಿ ನಮ್ಮ ಮಿತ್ರರೊಬ್ಬರ ಪಿಕಪ್ ಟ್ರಕ್ಕು ಅಂಥದೊಂದು ಗ್ಯಾರೇಜಿಗೆ ಬಂತು. ಖೇಡ ತಾಲೂಕಿನ ಪಡುವಲಲ್ಲಿ, ಭೀಮಾಶಂಕರದ ದಾರಿಯಲ್ಲಿ, ಅವರ ಹೊಲವಿದೆ. ಫೋರ್ ವೀಲ್ ಒಮ್ಮೆ ಕೂಡುತ್ತದೆ, ನಾಲ್ಕು ಬಾರಿ ಕೂಡದು, ದೀಪ ಮಿಣುಕುತ್ತದೆ. ದೊಡ್ಡ ವರ್ಕ್‌ಶಾಪೊಂದು ಕಂಪ್ಯೂಟರ್ ಹಚ್ಚಿ ನೋಡಿ, ಮೋಟಾರು ಸಮೇತ ಟ್ರಾನ್ಸ್‌ಫರ್ ಕೇಸನ್ನೇ ಬದಲಿಸಬೇಕೆಂದಿತ್ತು. ಅವರು ಹೇಳಿದ ಮೊತ್ತ ಆ ವರ್ಷದ ಈರುಳ್ಳಿಯ ಹುಟ್ಟುವಳಿಯನ್ನು ನುಂಗುವಷ್ಟಿತ್ತು.

ನಿಪ್ಪಾಣಿ ಕಡೆಯ ಹಿರಿಯ ಮೇಸ್ತ್ರಿ ಮೊದಲು ಗಾಡಿಯ ಕೆಳಗೆ ಹೋಗಲೇ ಇಲ್ಲ. ನಾಲ್ಕೂ ಟೈರುಗಳನ್ನು ಸುತ್ತಿ ನೋಡಿದರು. ಹಿಂದಿನವೆರಡು ಹೊಸವು, ಮುಂದಿನವು ಸವೆದವು. ಸುತ್ತಳತೆ ಬೇರೆಯಾದರೆ ನೇರ ರಸ್ತೆಯಲ್ಲೂ ತಿರುಚು ಕೂಡುತ್ತದೆ. ಮುಂದಿನ ಗಾಲಿಯೂ ಹಿಂದಿನದೂ ಬೇರೆಬೇರೆ ವೇಗ ಹೇಳಿದರೆ ಕಂಪ್ಯೂಟರು ಒಪ್ಪಿಗೆ ಕೊಡಲು ಅನುಮಾನಿಸುತ್ತದೆ. ಬಳಿಕ ಬ್ಯಾಟರಿಯ ವೋಲ್ಟೇಜು ನೋಡಿದರು. ಆಮೇಲೆ ಸಡಿಲು ಮಣ್ಣಿನಲ್ಲಿ ಗಾಡಿಯನ್ನು ಮೆಲ್ಲಗೆ ಓಡಿಸಲು ಹೇಳಿ, ತಾವು ಬದಿಯಲ್ಲಿ ಬಗ್ಗಿ ಮುಂದಿನ ಶಾಫ್ಟನ್ನು ದಿಟ್ಟಿಸಿದರು. ಟ್ರಾನ್ಸ್‌ಫರ್ ಕೇಸಿನಿಂದ ಶಕ್ತಿ ಬಂದು ಶಾಫ್ಟು ಸುತ್ತಿಯೂ ಗಾಲಿ ಎಳೆಯದಿದ್ದರೆ ರೋಗ ಹಬ್ಬಿನಲ್ಲಿ ಅಥವಾ ಮುಂದಿನ ಆಕ್ಸಲಿನಲ್ಲಿ. ಶಾಫ್ಟಿಗೇ ಶಕ್ತಿ ಬಾರದಿದ್ದರೆ ರೋಗ ಅದಕ್ಕೂ ಹಿಂದೆ. ಶಾಫ್ಟು ಸುಮ್ಮನಿತ್ತು. ಕೊನೆಗೆ ಕೆಳಗೆ ತೂರಿ, ಟ್ರಾನ್ಸ್‌ಫರ್ ಕೇಸಿನ ಮೇಲಿನ ಸಣ್ಣ ಮೋಟಾರಿಗೆ ಹೋಗುವ ವೈರಿನ ಜೋಡಣೆ ಬಿಚ್ಚಿದರು. ಒಳಗಿನ ತಾಮ್ರದ ಪಿನ್ನುಗಳಿಗೆ ಹಸಿರು ಕಿಲುಬು ಹತ್ತಿತ್ತು.

“ಸಾಹೇಬ್ರ, ಗಾಡಿ ಕೆಟ್ಟಿಲ್ರಿ. ಕುಂತ ಕುಂತ ಜಡ ಹಿಡದೈತ್ರಿ,” ಎಂದರು. ವರ್ಷವಿಡೀ ಆ ಗುಂಡಿಯನ್ನು ಎಷ್ಟು ಸಲ ತಿರುಗಿಸಿದಿರಿ ಎಂದು ಕೇಳಿದರೆ ಮಿತ್ರರ ಬಳಿ ಉತ್ತರವಿರಲಿಲ್ಲ.

ಪಿನ್ನುಗಳನ್ನು ತಿಕ್ಕಿ ಬೆಳಗಿಸಿ, ಗ್ರೀಸು ಹಚ್ಚಿ, ಕೆಸರು ಸಿಡಿಯದಂತೆ ರಬ್ಬರು ಮುಚ್ಚಳ ಕೂರಿಸಿದರು. ಟ್ರಾನ್ಸ್‌ಫರ್ ಕೇಸಿನ ಎಣ್ಣೆ ಇಳಿಸಿ ಬೆರಳ ನಡುವೆ ಉಜ್ಜಿ ನೋಡಿದರು. ಹಾಲಿನ ಬಣ್ಣವಿಲ್ಲದ್ದರಿಂದ ನೀರು ಸೇರಿಲ್ಲ, ಲೋಹದ ಚೂರೂ ಇಲ್ಲ. ಹೊಸ ಎಣ್ಣೆ ತುಂಬಿ, ನಾಲ್ಕೂ ಟೈರು ಒಂದೇ ಅಳತೆಯವು ಹಾಕಿಸಿಕೊಳ್ಳಿರೆಂದು ಚೀಟಿ ಬರೆದುಕೊಟ್ಟರು. ಕೂಲಿಯನ್ನು ಕೇಳಿ ಮಿತ್ರರು ಎರಡನೆಯ ಸಲ ಕೇಳಿದರು, ತಪ್ಪಾಗಿ ಕೇಳಿಸಿತೇನೋ ಎಂದು.

ಕಂಪ್ಯೂಟರನ್ನು ದೂರುವುದು ಇಲ್ಲಿ ನ್ಯಾಯವಲ್ಲ. ಮೋಟಾರಿನಿಂದ ಉತ್ತರ ಬಂದಿಲ್ಲವೆಂದು ಅದು ಹೇಳಿತ್ತು. ಅದು ನಿಜವೂ ಆಗಿತ್ತು. ಉತ್ತರ ಏಕೆ ಬರಲಿಲ್ಲ ಎಂದು ಬಗ್ಗಿ ನೋಡುವ ಕೆಲಸ ಅದರದಲ್ಲ. ವಿಲ್ಲಿಸ್ ಜೀಪಿನಲ್ಲಿ ಅಂಗೈ ಮಾಡುತ್ತಿದ್ದ ಆ ಕೆಲಸಕ್ಕೆ ಈಗ ಕಣ್ಣು, ವೋಲ್ಟ್ ಮೀಟರು, ಮೇಲಾಗಿ ತಾಳ್ಮೆ ಬೇಕು. ಮೊದಲ ಪೀಳಿಗೆಯ ಮೇಸ್ತ್ರಿಗಳಲ್ಲಿ ಅವು ಇನ್ನೂ ಇವೆ. ಕೊಠಡಿಯಲ್ಲಿ ಕಲಿತು ಬರುವ ಹುಡುಗರಿಗೆ ಸ್ಕ್ಯಾನರ್ ಓದಲು ಬರುತ್ತದೆ, ಬಗ್ಗಲು ಯಾರೂ ಹೇಳಿಕೊಟ್ಟಿಲ್ಲ. ಆ ಗ್ಯಾರೇಜಿನಲ್ಲಿ ಅಂಥ ಇಬ್ಬರು ಹುಡುಗರಿದ್ದಾರೆ. ಮೇಸ್ತ್ರಿ ಆ ದಿನ ಕಿಲುಬು ಹಿಡಿದ ಪಿನ್ನನ್ನು ತಿಕ್ಕುವ ಮೊದಲು ಇಬ್ಬರನ್ನೂ ಕರೆದು, ಟಾರ್ಚು ಕೈಗೆ ಕೊಟ್ಟು, ಒಬ್ಬೊಬ್ಬರನ್ನಾಗಿ ಗಾಡಿಯ ಕೆಳಗೆ ಕಳಿಸಿದ್ದರು.