ಮೂಳೆ ಗಂತಿ ರೋಗಿಗಳಲ್ಲಿ ಮಂಡಿಕೀಲು ಬದಲಾವಣೆಯ ನಂತರದ ತೊಡಕುಗಳು: ಕೊಯ್ದು ತೆಗೆದ ಭಾಗದ ಕಡೆಯಿಂದ ಒಂದು ನೋಟ

ಸಂಧಿವಾತದಿಂದ ಸವೆದ ಮಂಡಿಗೆ ಕೃತಕ ಕೀಲು ಹಾಕುವಾಗ ಮೂಳೆಯ ತುದಿಯಿಂದ ತೆಳುವಾದ ಪದರವನ್ನಷ್ಟೇ ಕೊಯ್ದು ತೆಗೆಯುತ್ತಾರೆ. ಸುತ್ತಲಿನ ಸ್ನಾಯುಗಳೂ ಪಕ್ಕದ ಅಸ್ಥಿರಜ್ಜುಗಳೂ ಬಹುಪಾಲು ಉಳಿಯುತ್ತವೆ. ಆಸ್ಟಿಯೋಸಾರ್ಕೋಮಾ ಎಂಬ ಮೂಳೆ ಗಂತಿ ಬಂದ ಮಂಡಿಯಲ್ಲಿ ಹಾಗಲ್ಲ. ಗಂತಿಯನ್ನು ಅದರ ಸುತ್ತಲಿನ ಆರೋಗ್ಯವಂತ ಅಂಗಾಂಶದ ಹೊದಿಕೆ ಸಮೇತ ತೆಗೆಯಬೇಕು. ತೊಡೆಮೂಳೆಯ ಕೆಳಭಾಗದ ಉದ್ದನೆಯ ತುಂಡು, ಅದಕ್ಕೆ ಅಂಟಿದ ಸ್ನಾಯು, ಕೀಲಿನ ರಜ್ಜುಗಳು ಒಟ್ಟಿಗೇ ಹೋಗುತ್ತವೆ. ಆ ಜಾಗಕ್ಕೆ ಬರುವುದು ಮೆಗಾಪ್ರಾಸ್ಥೆಸಿಸ್ ಎಂಬ ಭಾರಿ ಲೋಹದ ಕೀಲು. ನಂತರದ ತೊಡಕುಗಳನ್ನು ಲೋಹದ ಗುಣದೋಷವಾಗಿ ನೋಡುವುದು ರೂಢಿ. ಅವುಗಳಲ್ಲಿ ಹೆಚ್ಚಿನವಕ್ಕೆ ಬೇರು ಇರುವುದು ಹಾಕಿದ್ದರಲ್ಲಿ ಅಲ್ಲ, ತೆಗೆದದ್ದರಲ್ಲಿ ಎಂಬುದು ಈ ಲೇಖನದ ವಾದ.

ಕಾಲು ಕತ್ತರಿಸುವ ಬದಲು ಉಳಿಸಿದರೆ ರೋಗಿಯ ಆಯುಸ್ಸಿಗೆ ಕುತ್ತು ಬರುವುದಿಲ್ಲ ಎಂಬ ಭರವಸೆಗೆ ದೊಡ್ಡ ಆಧಾರ ಸಿಕ್ಕಿದ್ದು 1986ರಲ್ಲಿ. ತೊಡೆಮೂಳೆಯ ಕೆಳತುದಿಯಲ್ಲಿ ಆಸ್ಟಿಯೋಸಾರ್ಕೋಮಾ ಇದ್ದ 227 ರೋಗಿಗಳ ಬಗ್ಗೆ 26 ಸಂಸ್ಥೆಗಳಿಂದ ಮಾಹಿತಿ ಕಲೆಹಾಕಿದ ಅಧ್ಯಯನ ಅದು. ಕಿಮೋಥೆರಪಿಯಿಂದ ಬದುಕುಳಿಯುವವರು ಹೆಚ್ಚಿದಂತೆ ಪ್ರಶ್ನೆಯೂ ಬದಲಾಯಿತು: ಹದಿನೈದರ ಹುಡುಗನಿಗೆ ಹಾಕಿದ ಕೀಲು ಅವನ ಐವತ್ತರವರೆಗೆ ಬಾಳುವುದೇ?

2011ರಲ್ಲಿ ಹೆಂಡರ್ಸನ್ ಮತ್ತು ಸಂಗಡಿಗರು 2174 ರೋಗಿಗಳ ದಾಖಲೆ ನೋಡಿ ಕೀಲು ಕೈಕೊಡುವ ಬಗೆಗಳನ್ನು ಐದಾಗಿ ವಿಂಗಡಿಸಿದರು: ಮೃದು ಅಂಗಾಂಶದ ವೈಫಲ್ಯ, ಸೋಂಕಿಲ್ಲದ ಸಡಿಲಿಕೆ, ಲೋಹ ಅಥವಾ ಮೂಳೆ ಮುರಿಯುವುದು, ಸೋಂಕು, ಗಂತಿ ಮರುಕಳಿಸುವುದು. 534 ವೈಫಲ್ಯಗಳಲ್ಲಿ ಸೋಂಕಿನದೇ ಮೊದಲ ಸ್ಥಾನ. ವಿಂಗಡಣೆ ಉಪಯುಕ್ತ, ಸಂದೇಹವಿಲ್ಲ. ಆದರೆ ಎಷ್ಟು ಸ್ನಾಯು ಹೋಯಿತು, ಎಷ್ಟು ಉದ್ದದ ಮೂಳೆ ಹೋಯಿತು ಎಂಬುದಕ್ಕೆ ಅದರಲ್ಲಿ ಮನೆಯಿಲ್ಲ.

ಸೋಂಕನ್ನೇ ನೋಡೋಣ. ಕಿಮೋಥೆರಪಿಯಿಂದ ಬಿಳಿ ರಕ್ತಕಣ ಇಳಿದಿರುತ್ತದೆ, ಶಸ್ತ್ರಕ್ರಿಯೆ ದೀರ್ಘವಾಗಿರುತ್ತದೆ, ಲೋಹದ ಮೈಮೇಲೆ ಬ್ಯಾಕ್ಟೀರಿಯಾ ಜೈವಿಕ ಪೊರೆ ಕಟ್ಟುತ್ತದೆ. ಹಾಗಾದರೆ ಆ್ಯಂಟಿಬಯಾಟಿಕ್ ಹೆಚ್ಚು ದಿನ ಕೊಟ್ಟರಾಯಿತಲ್ಲ? 2022ರಲ್ಲಿ ಪ್ರಕಟವಾದ ಪ್ಯಾರಿಟಿ ಪ್ರಯೋಗ 12 ದೇಶಗಳ 604 ರೋಗಿಗಳಲ್ಲಿ ಇದನ್ನೇ ಪರೀಕ್ಷಿಸಿತು. ಐದು ದಿನ ಔಷಧಿ ಪಡೆದವರಲ್ಲಿ ಶೇ. 15.0, ಒಂದೇ ದಿನ ಪಡೆದವರಲ್ಲಿ ಶೇ. 16.7 ಮಂದಿಗೆ ಸೋಂಕು ತಗುಲಿತು, ಗಣನೀಯ ವ್ಯತ್ಯಾಸವಿಲ್ಲ. ಔಷಧಿಯಿಂದಲೇ ಬಂದ ತೊಂದರೆ ಮಾತ್ರ ಐದು ದಿನದವರಲ್ಲಿ ಹೆಚ್ಚು.

ಇದರ ಎದುರಿಗೆ ಬರ್ಮಿಂಗ್‌ಹ್ಯಾಮ್‌ನ ಶಸ್ತ್ರವೈದ್ಯರ ತಂಡದ ಅನುಭವ ಇಟ್ಟು ನೋಡಬೇಕು. ಮಂಡಿಯ ಕೆಳಗಿನ ಟಿಬಿಯಾ ಮೂಳೆಯ ಮುಂಭಾಗದಲ್ಲಿ ಚರ್ಮದಡಿ ಮಾಂಸವೇ ಇಲ್ಲ. ಅಲ್ಲಿ ಹಾಕಿದ ಲೋಹಕ್ಕೆ ಚರ್ಮವೊಂದೇ ಕಾವಲು. ಮೀನಖಂಡದ ಸ್ನಾಯುವನ್ನು ಮುಂದಕ್ಕೆ ತಿರುಗಿಸಿ ಲೋಹದ ಮೇಲೆ ಹೊದಿಸಲು ತೊಡಗಿದ ಮೇಲೆ ಆಳವಾದ ಸೋಂಕು ಶೇ. 36ರಿಂದ 12ಕ್ಕೆ ಇಳಿಯಿತೆಂದು 1999ರ ವರದಿ ಹೇಳುತ್ತದೆ. ಎರಡೂ ಒಂದೇ ಬಗೆಯ ಅಧ್ಯಯನಗಳಲ್ಲ, ಹಿಂದಿನ ರೋಗಿಗಳೊಡನೆ ಹೋಲಿಸಿದ ಅಂಕಿಗೆ ಮಿತಿ ಇದ್ದೇ ಇದೆ. ಆದರೂ ಕಳೆದುಹೋದ ಮಾಂಸದ ಜಾಗಕ್ಕೆ ಮಾಂಸವನ್ನೇ ತಂದಾಗ ಸಿಕ್ಕ ಫಲ ಕಡೆಗಣಿಸುವಂಥದ್ದಲ್ಲ. ಮಂಡಿಚಿಪ್ಪಿನ ಸ್ನಾಯುರಜ್ಜುವನ್ನು ಮತ್ತೆ ಕೂಡಿಸಲೂ ಅದೇ ಸ್ನಾಯು ಆಸರೆ; ಇಲ್ಲವಾದರೆ ರೋಗಿ ಕಾಲನ್ನು ತಾನಾಗಿ ಪೂರ್ತಿ ನೀಡಲಾರ.

ಸಡಿಲಿಕೆ ತಡವಾಗಿ ಬರುವ ತೊಡಕು. ರಜ್ಜುಗಳಿಲ್ಲದ ಮಂಡಿಗೆ ಸ್ಥಿರತೆ ಕೊಡಲು ಎರಡು ಲೋಹಭಾಗಗಳನ್ನು ಕೀಲುಗೂಟದಿಂದ ಜೋಡಿಸಲೇಬೇಕು. ಬಾಗಿಲ ತಿರುಗಣೆಯಂತೆ ಹಿಂದುಮುಂದಷ್ಟೇ ಚಲಿಸುವ ಹಳೆಯ ಕೀಲಿನಲ್ಲಿ ಹೆಜ್ಜೆಯ ತಿರುಚುಬಲವೆಲ್ಲ ಮೂಳೆಯೊಳಗಿನ ಕಂಬಿಗೆ ದಾಟುತ್ತದೆ. 2007ರಲ್ಲಿ ಬರ್ಮಿಂಗ್‌ಹ್ಯಾಮ್ ತಂಡ ಪ್ರಕಟಿಸಿದಂತೆ, ಈ ಬಗೆಯಲ್ಲಿ ಹತ್ತು ವರ್ಷಕ್ಕೆ ಸಡಿಲಿಕೆಯಿಂದ ಮರುಶಸ್ತ್ರಕ್ರಿಯೆಯ ಸಂಭವ ಶೇ. 35. ತಿರುಗುವ ಕೀಲಿನಲ್ಲಿ ಅದು 24. ಮೂಳೆ ಬೆಳೆದು ಬೆಸೆಯಲು ಹೈಡ್ರಾಕ್ಸಿಅಪಟೈಟ್ ಲೇಪಿಸಿದ ಕೊರಳಪಟ್ಟಿ ಸೇರಿಸಿದಾಗ ಸೊನ್ನೆ. ಇಲ್ಲಿ ಲೋಹದ ವಿನ್ಯಾಸವೇ ಗೆದ್ದಿತಲ್ಲ ಎನ್ನಬಹುದು. ಗೆದ್ದದ್ದು ನಿಜ, ಹೋದ ರಜ್ಜುಗಳ ಹೊರೆಯನ್ನು ಲೆಕ್ಕಕ್ಕೆ ತೆಗೆದುಕೊಂಡ ವಿನ್ಯಾಸ. ಮಕ್ಕಳಲ್ಲಿ ಮಂಡಿಯ ಬೆಳವಣಿಗೆಯ ಫಲಕವೂ ಹೋಗುವುದರಿಂದ ಕಾಲು ಗಿಡ್ಡವಾಗುವುದು ಸೇರುತ್ತದೆ. ಉದ್ದ ಹೆಚ್ಚಿಸಬಲ್ಲ ಕೀಲುಗಳು ಅದಕ್ಕಾಗಿಯೇ ಬಂದವು.

ವರ್ಷಗಳ ನಂತರದ ಸೋಂಕು ಕಾಣಿಸಿಕೊಳ್ಳುವುದು ದೊಡ್ಡಾಸ್ಪತ್ರೆಯಿಂದ ದೂರದ ಊರಿನಲ್ಲಿ. ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಕೇಂದ್ರದಲ್ಲಿ ಚಿಕಿತ್ಸೆ ಪಡೆದು ಬೀದರ್‌ಗೋ ಚಾಮರಾಜನಗರಕ್ಕೋ ಮರಳಿದವರು ಮಂಡಿ ಊದಿದಾಗ ಮೊದಲು ಹೋಗುವುದು ಹತ್ತಿರದ ವೈದ್ಯರ ಬಳಿಗೆ. ಕೀಲಿನ ದ್ರವ ತೆಗೆದು ಕಲ್ಚರ್ ಪರೀಕ್ಷೆಗೆ ಕಳಿಸುವ ಮುನ್ನವೇ ಆ್ಯಂಟಿಬಯಾಟಿಕ್ ಬರೆದುಕೊಟ್ಟರೆ ಜ್ವರ ಇಳಿದೀತು, ಆದರೆ ರೋಗಾಣು ಯಾವುದೆಂದು ಪತ್ತೆಯಾಗದೆ ಹೋಗಬಹುದು. ಆಗ ಕೀಲನ್ನು ತೆಗೆದು, ಔಷಧಿ ಬೆರೆಸಿದ ಸಿಮೆಂಟ್ ಇಟ್ಟು, ವಾರಗಟ್ಟಲೆ ಕಾದು ಹೊಸ ಕೀಲು ಹಾಕುವ ಎರಡು ಹಂತದ ಶಸ್ತ್ರಕ್ರಿಯೆಯಲ್ಲಿ ಯಾವ ಔಷಧಿ ಬೆರೆಸಬೇಕೆಂಬುದೇ ಊಹೆಯ ಮಾತಾಗುತ್ತದೆ. ಕಲ್ಚರ್‌ಗೆ ಕಳಿಸುವ ಮುನ್ನ ಆ್ಯಂಟಿಬಯಾಟಿಕ್ ಬೇಡವೆಂಬ ಎಚ್ಚರಿಕೆಯನ್ನು ರೋಗಿಯ ಬಿಡುಗಡೆ ಪತ್ರದ ಮೊದಲ ಸಾಲಿನಲ್ಲೇ ಕನ್ನಡದಲ್ಲಿ ಬರೆದುಕೊಡುವುದಕ್ಕೆ ಖರ್ಚೇನೂ ಇಲ್ಲ.