ತಳೇಗಾಂವದ ಗಾಜು: ವಸ್ತುಸಂಗ್ರಹಾಲಯದ ಆಯ್ಕೆಯ ಇತಿಹಾಸ

ಒಂದು ಪ್ರದೇಶದ ವಸ್ತುಸಂಗ್ರಹಾಲಯ ಏನನ್ನು ಕೂಡಿಸಿಡಬೇಕು, ಏನನ್ನು ಬಿಡಬೇಕು ಎಂಬ ತೀರ್ಮಾನಕ್ಕೆ ಸಂಗ್ರಹ ನೀತಿ ಎಂದು ಹೆಸರು. ಈ ತೀರ್ಮಾನದ ಬಹುಪಾಲು ಆಡಳಿತ ಮಂಡಳಿ ಸಭೆ ಸೇರುವ ಮೊದಲೇ ಆಗಿಹೋಗಿರುತ್ತದೆ. ವಸ್ತು ಎಷ್ಟು ಕಾಲ ಬಾಳುತ್ತದೆ, ಅದನ್ನು ಕಾಯ್ದಿಡುವುದರಿಂದ ಯಾರಿಗೆ ಲಾಭವಿತ್ತು, ಕಾನೂನು ಅದನ್ನು ಯಾವ ವಯಸ್ಸಿಗೆ ಹಳತೆಂದು ಒಪ್ಪುತ್ತದೆ ಎಂಬ ಮೂರು ಸಂಗತಿಗಳು ಅದನ್ನು ನಡೆಸುತ್ತವೆ. ಪುಣೆ ಜಿಲ್ಲೆಯ ಮಾವಳ ತಾಲ್ಲೂಕಿನಲ್ಲಿ, ಪುಣೆ–ಮುಂಬಯಿ ರೈಲುಮಾರ್ಗದ ಮೇಲಿರುವ ತಳೇಗಾಂವ ದಾಭಾಡೆಯಲ್ಲಿ ಇದನ್ನು ಸ್ಪಷ್ಟವಾಗಿ ಕಾಣಬಹುದು, ಏಕೆಂದರೆ ಈ ಊರಿಗೆ ಸೇನಾಪತಿಗಳ ಗತಕಾಲ ಒಂದು, ಗಾಜಿನ ಗತಕಾಲ ಇನ್ನೊಂದು.

ಊರಿನ ಹೆಸರಿನಲ್ಲೇ ಉಳಿದಿರುವ ದಾಭಾಡೆ ಮನೆತನದ ಖಂಡೇರಾವನಿಗೆ ಛತ್ರಪತಿ ಶಾಹು 1717ರಲ್ಲಿ ಸೇನಾಪತಿ ಪದವಿ ಕೊಟ್ಟನು. ಗುಜರಾತಿನ ಚೌಥ, ಅಂದರೆ ಮರಾಠರು ಪರಪ್ರಾಂತಗಳಿಂದ ಎತ್ತುತ್ತಿದ್ದ ಕಂದಾಯದ ನಾಲ್ಕನೆಯ ಒಂದು ಪಾಲು, ಯಾರ ಹಕ್ಕು ಎಂಬ ಪ್ರಶ್ನೆ ಅವನ ಮಗ ತ್ರ್ಯಂಬಕರಾವನನ್ನು ಪೇಶ್ವೆ ಮೊದಲನೆಯ ಬಾಜೀರಾವನ ಎದುರಿಗೆ ನಿಲ್ಲಿಸಿತು. 1731ರ ಏಪ್ರಿಲ್‌ನಲ್ಲಿ ಡಭೋಯಿ ಕಾಳಗದಲ್ಲಿ ತ್ರ್ಯಂಬಕರಾವ ಸತ್ತನು. ಅಲ್ಲಿಂದ ಮನೆತನದ ಕಾರುಭಾರವನ್ನು ಹೊತ್ತ ತಾಯಿ ಉಮಾಬಾಯಿ, 1751ರಲ್ಲಿ ಪೇಶ್ವೆಯ ಸೆರೆ ಕಾಣುವವರೆಗೂ ಆ ಹಕ್ಕನ್ನು ಬಿಡಲಿಲ್ಲ. ದಾಭಾಡೆಯವರ ಕೈಕೆಳಗೆ ಬೆಳೆದ ಗಾಯಕವಾಡರಾದರೋ ಬಡೋದೆಯ ಅರಸರೇ ಆದರು.

ಸೋತ ಮನೆತನದ ಚರಿತ್ರೆ ಇಷ್ಟು ವಿವರವಾಗಿ ತಿಳಿದಿರುವುದಕ್ಕೆ ಕಾರಣ ಆ ಜಗಳವೇ. ಹಕ್ಕಿನ ವ್ಯಾಜ್ಯ ಕಾಗದವನ್ನು ಹುಟ್ಟಿಸುತ್ತದೆ, ಮತ್ತು ಹಕ್ಕು ಉಳಿಯಬೇಕೆನ್ನುವವನು ಕಾಗದವನ್ನು ಎಸೆಯುವುದಿಲ್ಲ. ಮೋಡಿಯಲ್ಲಿ, ಅಂದರೆ ಮರಾಠಿಯ ಕೂಡುಬರಹದ ಲಿಪಿಯಲ್ಲಿ, ಬರೆದ ಇಂಥ ಪತ್ರಗಳನ್ನು ಹುಡುಕಿ ಕೂಡಿಸುವುದಕ್ಕೆಂದೇ ವಿ. ಕಾ. ರಾಜವಾಡೆ ಮತ್ತು ಸಂಗಡಿಗರು 1910ರಲ್ಲಿ ಪುಣೆಯಲ್ಲಿ ಭಾರತ ಇತಿಹಾಸ ಸಂಶೋಧಕ ಮಂಡಳವನ್ನು ಕಟ್ಟಿದರು. ತಳೇಗಾಂವಕ್ಕೆ ನೆರೆಯ ಕಾಮಶೇತದಲ್ಲಿ ನೆಲೆಸಿದ್ದ ಗೋ. ಸ. ಸರದೇಸಾಯಿ 1930ರಿಂದ 1934ರವರೆಗೆ ಪೇಶ್ವೆ ದಫ್ತರದ ಆಯ್ದ ಪತ್ರಗಳನ್ನು 45 ಸಂಪುಟಗಳಲ್ಲಿ ಹೊರತಂದಾಗ ಅವುಗಳಲ್ಲೊಂದು ದಾಭಾಡೆಯವರಿಗೂ ಗುಜರಾತಿನ ವಿಜಯಕ್ಕೂ ಮೀಸಲಾಯಿತು.

ಗಾಜಿನ ಗತಕಾಲಕ್ಕೆ ಇಂಥ ಅದೃಷ್ಟವಿರಲಿಲ್ಲ. ಸ್ವದೇಶಿ ಕೈಗಾರಿಕೆಗೆಂದು ಒಬ್ಬೊಬ್ಬರಿಂದ ಒಂದೊಂದು ಪೈಸೆ ಎತ್ತುವ ಅಂತಾಜಿ ದಾಮೋದರ ಕಾಳೆಯವರ ಯೋಜನೆ ಪೈಸಾ ಫಂಡ್ ಎಂದು ಹೆಸರಾಗಿತ್ತು. ಟಿಳಕರು ಬೆನ್ನಿಗೆ ನಿಂತ ಈ ನಿಧಿಯಿಂದ 1908ರಲ್ಲಿ ತಳೇಗಾಂವದಲ್ಲಿ ಗಾಜಿನ ಕಾರ್ಖಾನೆ ಏರ್ಪಟ್ಟಿತು, ಜಪಾನಿನಲ್ಲಿ ಈ ವಿದ್ಯೆ ಕಲಿತು ಬಂದಿದ್ದ ಈಶ್ವರದಾಸ ವಾರ್ಷ್ಣೇಯರು ಅದನ್ನು ನಡೆಸಿದರು. ಸರಕು ಮಾರುವುದರ ಜೊತೆಗೆ ಕೆಲಸಗಾರರನ್ನು ತರಬೇತಿಗೊಳಿಸುವುದೂ ಅದರ ಉದ್ದೇಶವಾಗಿತ್ತು. ಅಲ್ಲಿ ತಯಾರಾದ ದೀಪದ ಚಿಮಣಿ ಮನೆಯಲ್ಲಿ ಒಡೆಯುವವರೆಗೆ ಮಾತ್ರ ಬಾಳುವ ವಸ್ತು. ಅದಕ್ಕಿಂತ ಮುಖ್ಯವಾದುದು ಈ ಕಸುಬಿನ ಸ್ವಭಾವ: ಮರಳು, ಸೋಡಾ, ಸುಣ್ಣಗಳ ಮಿಶ್ರಣಕ್ಕೆ ಒಡೆದ ಗಾಜಿನ ಚೂರು ಸೇರಿದರೆ ಅದು ಕಡಿಮೆ ಕಾವಿನಲ್ಲಿ ಕರಗುತ್ತದೆ, ಸೌದೆ ಕಲ್ಲಿದ್ದಲು ಉಳಿಯುತ್ತವೆ, ಆದ್ದರಿಂದ ಊದುವಾಗ ಕೆಟ್ಟದ್ದು, ಅಚ್ಚಿನಲ್ಲಿ ಸೊಟ್ಟಗಾದದ್ದು ಎಲ್ಲವೂ ಕುಲುಮೆಗೇ ಮರಳುತ್ತವೆ. ಕುಂಬಾರನ ಹಾಳು ಮಡಕೆ ತಿಪ್ಪೆಯಲ್ಲಿ ಸಾವಿರ ವರ್ಷ ಬಿದ್ದಿದ್ದು ಪುರಾತತ್ತ್ವಜ್ಞನಿಗೆ ಸಿಗುತ್ತದೆ, ಆದರೆ ಗಾಜಿನವನ ಹಾಳು ಸರಕು ಮರುದಿನ ಹೊಸ ಸರಕಾಗಿ ಹೊರಡುತ್ತದೆ.

ಕಾನೂನೂ ಕಾಗದದ ಕಡೆಗೇ ವಾಲಿದೆ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಅಧಿನಿಯಮದ ಪ್ರಕಾರ ವಸ್ತುವೊಂದು ಪ್ರಾಚ್ಯವಸ್ತು ಎನಿಸಿಕೊಳ್ಳಲು 100 ವರ್ಷ ತುಂಬಿರಬೇಕು, ಮೌಲ್ಯವುಳ್ಳ ಹಸ್ತಪ್ರತಿಗೆ ಮತ್ತು ದಾಖಲೆಗೆ 75 ವರ್ಷ ಸಾಕು. ಈ ಲೆಕ್ಕದಲ್ಲಿ ಕಾರ್ಖಾನೆಯ ಮೊದಲ ವರ್ಷದ ದಾಖಲೆಗೆ 1983ರಲ್ಲೇ ಸಿಗಬಹುದಾದ ಮಾನ್ಯತೆಗೆ ಅದೇ ವರ್ಷದ ಚಿಮಣಿ 2008ರವರೆಗೆ ಕಾಯಬೇಕಾಗಿತ್ತು. ಹೊಸ ವಸ್ತುವನ್ನು ಸಂಗ್ರಹಿಸಬಾರದೆಂದು ಕಾನೂನು ಹೇಳುವುದಿಲ್ಲ ನಿಜ. ಆದರೆ ಹಳತಾಗುವವರೆಗೆ ಅದನ್ನು ಕಾಯುವ ಹೊಣೆಯನ್ನು ಯಾರ ಮೇಲೂ ಹೊರಿಸುವುದಿಲ್ಲ.

ಕಾನೂನಿಗೆ ಕಾಯದೆ ಸಂಗ್ರಹಕ್ಕಿಳಿದವರಲ್ಲಿ ಪುಣೆಯ ದಿನಕರ ಗಂಗಾಧರ ಕೇಳಕರ (1896–1990) ಅಗ್ರಗಣ್ಯರು. ಕನ್ನಡಕದ ಅಂಗಡಿ ನಡೆಸುತ್ತಿದ್ದ, 'ಅಜ್ಞಾತವಾಸಿ' ಎಂಬ ಹೆಸರಿನಲ್ಲಿ ಕವಿತೆ ಬರೆಯುತ್ತಿದ್ದ ಇವರು 1920ರ ದಶಕದಿಂದ ದೀಪ, ಅಡಕೊತ್ತು, ದೌತಿ, ಬೀಗ, ಬಾಚಣಿಗೆ, ಮೈ ತಿಕ್ಕುವ ವಜ್ರಿಗಳನ್ನು ಕೂಡಿಸುತ್ತ ಹೋಗಿ, ಸುಮಾರು 20,000 ವಸ್ತುಗಳ ಆ ಸಂಗ್ರಹಕ್ಕೆ ಎಳೆಯ ವಯಸ್ಸಿನಲ್ಲಿ ತೀರಿಕೊಂಡ ಮಗ ರಾಜಾನ ಹೆಸರಿಟ್ಟು 1975ರಲ್ಲಿ ಮಹಾರಾಷ್ಟ್ರ ಸರಕಾರಕ್ಕೆ ಒಪ್ಪಿಸಿದರು. ದಿನಬಳಕೆಯ ಸಾಮಾನಿಗೆ ಇಷ್ಟು ಗೌರವ ತಂದವರು ವಿರಳ. ಆದರೂ ಅವರನ್ನು ಸೆಳೆದದ್ದು ಹೆಚ್ಚಾಗಿ ಕುಶಲಕರ್ಮಿಯ ಕೈಚಳಕವೇ. ಅಲಂಕಾರವಿಲ್ಲದ, ಒಂದರಂತೆ ಇನ್ನೊಂದಿರುವ ಕಾರ್ಖಾನೆಯ ಸರಕಿಗೆ ಈ ಅಳತೆಗೋಲಿನಲ್ಲಿ ಜಾಗ ಕಡಿಮೆ. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ, 1968ರಲ್ಲಿ ಆರಂಭವಾಗಿ ಪಿ. ಆರ್. ತಿಪ್ಪೇಸ್ವಾಮಿಯಂಥವರ ಹಳ್ಳಿಗಳ ಸುತ್ತಾಟದಿಂದ ಬೆಳೆದದ್ದು, ಬೇಸಾಯದ ಮುಟ್ಟುಗಳನ್ನೂ ತೊಗಲುಬೊಂಬೆಗಳನ್ನೂ ಒಂದೇ ಸೂರಿನಡಿ ತಂದು ಬಳಕೆಯನ್ನೇ ಮಾನದಂಡವಾಗಿಸಿಕೊಂಡಿತು. ಅಲ್ಲಿಯೂ ಹಳ್ಳಿಯೇ ಜಾನಪದದ ಮೇರೆಯಾಯಿತು, ಕಾರ್ಖಾನೆಯ ಕಾರ್ಮಿಕ ಹೊರಗೇ ಉಳಿದನು.

ಆದುದರಿಂದ ತಳೇಗಾಂವದಂಥ ಊರಿನ ಸಂಗ್ರಹವನ್ನು ಸೇನಾಪತಿಯ ಖಡ್ಗದಿಂದ ಆರಂಭಿಸುವುದು ಸುಲಭ, ಆದರೆ ತುರ್ತಾದುದಲ್ಲ. ದಾಭಾಡೆಯವರ ಪತ್ರಗಳು ಅಚ್ಚಾಗಿ ಭದ್ರವಾಗಿವೆ. ಊದುಕೊಳವೆ, ಅಚ್ಚು, ಕೂಲಿಯ ಪಟ್ಟಿ, ಪೈಸೆ ಕೊಟ್ಟವರಿಗೆ ಬರೆದ ಪಾವತಿ, ಕುಲುಮೆಯ ಎದುರು ದುಡಿದವರ ಮಕ್ಕಳ ನೆನಪು ಇವನ್ನು ಮೊದಲು ಕೂಡಿಸಬೇಕು. ಯಾರದಾದರೂ ಅಟ್ಟದಲ್ಲಿ ಒಡೆಯದೆ ಉಳಿದ ಚಿಮಣಿಯಿದ್ದರೆ ಅದನ್ನು ಗುಜರಿಗೆ ಹಾಕುವ ಮುಂಚೆ ವಸ್ತುಸಂಗ್ರಹಾಲಯದವರು ಅಲ್ಲಿಗೆ ಹೋಗಬೇಕು.